ಬಾಗಿಲ ಪಕ್ಕದ ಕೆಂಪು ಬೊಟ್ಟು

ತಮ್ಮನ ಮದುವೆಗೆಂದು ಊರಿನ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಹೋದ ಭಾನುವಾರ ನಾನು ಕನಕಪುರದಿಂದ ಹೋಗಿ, ಜಗಲಿಯ ಮೇಲೆ ಕೂತು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಬಣ್ಣದವನು ಬಾಗಿಲ ಚೌಕಟ್ಟಿನ ಪಕ್ಕದ ಗೋಡೆ ಕೆರೆಯುತ್ತಿದ್ದ. ಮೊದಲು ಹಸಿರು ಪದರ ಉದುರಿತು, ಆಮೇಲೆ ಗುಲಾಬಿ, ಅದರ ಕೆಳಗೆ ಹಳೆಯ ಸುಣ್ಣ. ಆ ಸುಣ್ಣದ ಮೇಲೆ ಒಂದು ಕೆಂಪು ಬೊಟ್ಟು ಕಾಣಿಸಿತು. ಅವನು ನೀರು ಚಿಮುಕಿಸಿ ಬಟ್ಟೆಯಲ್ಲಿ ತಿಕ್ಕಿದ. ಒದ್ದೆ ಕೆಮ್ಮಣ್ಣಿನ ವಾಸನೆ ಜಗಲಿಯವರೆಗೂ ಬಂತು.

"ಇದೇನಕ್ಕ, ಎಷ್ಟು ಉಜ್ಜಿದ್ರೂ ಓಯ್ತಾನೇ ಇಲ್ವಲ್ಲ," ಎಂದ.

ಅವ್ವ ಕತ್ತೆತ್ತಿ ನೋಡಿದಳು. "ಅದು ಮದ್ವೆ ಗಂಡಿನ ಬೊಟ್ಟು ಕಣಪ್ಪ," ಎಂದು ಮತ್ತೆ ಕಾಯಿ ಸುಲಿಯತೊಡಗಿದಳು.

ನನಗೆ ಕೈ ಓಡಲಿಲ್ಲ. ಆ ಬೊಟ್ಟು ನೋಡಿದ್ದೇ ನಮ್ಮ ಪಿ.ಟಿ. ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ಅವರ ಜೊತೆಗೇ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಸಿಟ್ಟೂ ಬಂತು. ಜನ ಹೇಳುತ್ತಾರೆ, ಕಾಲ ಕಳೆದ ಹಾಗೆ ಸಿಟ್ಟು ಇಳಿಯುತ್ತದೆ ಎಂದು. ನನಗಂತೂ ಇಳಿದಿಲ್ಲ. ಇಳಿಯಬೇಕು ಎಂದೂ ನನಗೆ ಅನ್ನಿಸಿಲ್ಲ.

ನಮ್ಮೂರು ಹಾರೋಹಳ್ಳಿಯ ಮಗ್ಗುಲಿಗಿದೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಂದರೆ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ರಾಗಿ ಹೊಲಗಳಿಗೆ ತಂತಿಬೇಲಿ ಬಿದ್ದು ಒಳಗೆ ಫ್ಯಾಕ್ಟರಿ ಕಂಬಗಳು ಏಳುತ್ತಿದ್ದವು. ಜೀಪಿನಲ್ಲಿ ಸರ್ವೆಯವರು ಬರುತ್ತಿದ್ದರು. ಬಂದವರು ಕಲ್ಲಿಗೆ, ಹುಣಸೆಮರಕ್ಕೆ, ಕೊಟ್ಟಿಗೆಯ ಗೋಡೆಗೆ ನಂಬರು ಬರೆದು ಹೋಗುತ್ತಿದ್ದರು. ನಂಬರು ಬಿದ್ದ ಮೇಲೆ ನೋಟೀಸು ಬರುತ್ತಿತ್ತು, ನೋಟೀಸು ಬಂದ ಮೇಲೆ ಜಮೀನು ಹೋಗುತ್ತಿತ್ತು. ಗೋಡೆಯ ಮೇಲೆ ಯಾರಾದರೂ ಏನಾದರೂ ಬರೆದರೆ ಸಾಕು, ನಮ್ಮೂರಿನವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಸ್ಕೂಲಿನ ಆಟದ ಬಯಲೂ ಉಳಿದಿರಲಿಲ್ಲ. ಲಾರಿ ಓಡಾಡಲು ಮಾಡಿದ ರಸ್ತೆ ಅದರಲ್ಲಿ ಅರ್ಧ ನುಂಗಿತ್ತು. ಇನ್ನರ್ಧದಲ್ಲಿ ಯಾರೋ ಸಿಮೆಂಟು ಪೈಪು ತಂದು ಪೇರಿಸಿದ್ದರು, ಯಾರದೆಂದು ಕೇಳುವ ಹಾಗಿರಲಿಲ್ಲ. ಹೀಗಾಗಿ ಪಿ.ಟಿ. ಮೇಷ್ಟ್ರಿಗೆ ಕೆಲಸವಿರಲಿಲ್ಲ. ಬಿಳಿ ಕ್ಯಾನ್ವಾಸ್ ಬೂಟು, ಇನ್‌ಶರ್ಟ್, ಕರಿ ದಾರದಲ್ಲಿ ಕೊರಳಿಗೆ ಸೀಟಿ, ಎಲ್ಲ ತಯಾರಾಗಿ ಬಂದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಪೈಪುಗಳನ್ನು ನೋಡುತ್ತಾ ಕೂರುತ್ತಿದ್ದರು. ಊಟದ ಹೊತ್ತಿನಲ್ಲಿ ಲೈಬ್ರರಿಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ತಲೆಗೂದಲಿನ ಬಗ್ಗೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಜೇಬಿನಲ್ಲಿ ಸಣ್ಣ ಬಾಚಣಿಗೆ ಯಾವಾಗಲೂ ಇರುತ್ತಿತ್ತು. ಸಿಟ್ಟು ಬಂದರೆ ಹುಡುಗರ ಕಿವಿ ಹಿಂಡುತ್ತಿದ್ದರು. ದೇವರಂಥ ಮನುಷ್ಯ ಎಂದು ನಾನೇನೂ ಹೇಳುವುದಿಲ್ಲ.

ಒಂದು ದಿನ ಆರೋಗ್ಯ ಕೇಂದ್ರದಿಂದ ಹೆಡ್‌ಮಾಸ್ಟರಿಗೆ ಹೇಳಿಕಳಿಸಿದರು. ಬೇಸಿಗೆಗೆ ಮುಂಚೆ ಊರಿನಲ್ಲಿ ದಡಾರದ ಚುಚ್ಚುಮದ್ದಿನ ಕ್ಯಾಂಪು ಮಾಡುತ್ತೇವೆ, ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಲು ಹೈಸ್ಕೂಲು ಮಕ್ಕಳು ಬೇಕು, ತರಬೇತಿ ಕೊಡಿ ಎಂದು. ಹೆಡ್‌ಮಾಸ್ಟರು ಸುತ್ತ ನೋಡಿದರು. ಖಾಲಿ ಕೂತಿದ್ದವರು ಇವರೊಬ್ಬರೇ.

ನರ್ಸಮ್ಮ ಒಂದು ಮಧ್ಯಾಹ್ನ ಬಂದು ಯಾವ ವಯಸ್ಸಿಗೆ ಯಾವ ಸೂಜಿ ಎಂದು ಬೋರ್ಡಿನ ಮೇಲೆ ಬರೆದು ಹೋದರು. ಮಾರನೆಯ ದಿನ ಮೇಷ್ಟ್ರು ಬಂದು ಬೋರ್ಡು ಒರೆಸಿಬಿಟ್ಟರು. ಅದನ್ನೆಲ್ಲ ಬರೆದುಕೊಂಡಿದ್ದೀರಲ್ಲ, ಸಾಕು, ಈಗ ಎದ್ದು ನಿಲ್ಲಿ ಎಂದರು. ಕ್ಲಾಸಿನ ಬಾಗಿಲಲ್ಲಿ ಸುಣ್ಣದ ಗೆರೆ ಎಳೆದರು. ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದುಕೊಂಡು, ಅಡುಗೆಯವಳಿಂದ ಮೊರ ತರಿಸಿ, ಹೊಸ್ತಿಲ ಒಳಗೆ ಚಕ್ಕಳಮಕ್ಕಳ ಹಾಕಿ ಕೂತರು. ಅತ್ತೆ ಪಾತ್ರ ಅವರದು. ನಾವು ಒಬ್ಬೊಬ್ಬರಾಗಿ ಬಂದು ಆ ಅತ್ತೆಯನ್ನು ಒಪ್ಪಿಸಬೇಕು.

ಮೊದಲ ಸರದಿ ನನ್ನದು. ನಾನು "ಲಸಿಕೆಯಿಂದಾಗುವ ಪ್ರಯೋಜನಗಳು..." ಎಂದು ಬಾಯಿಪಾಠ ಒಪ್ಪಿಸತೊಡಗಿದೆ. ಮೇಷ್ಟ್ರು ಮೊರ ಕುಟ್ಟಿದರು.

"ಯಾರ್ ಮಗ್ಳಮ್ಮಿ ನೀನು? ಸೂಜಿ ಹಾಕ್ಸಿ ನಮ್ ಮಗೀಗೆ ಜ್ವರ ಬಂದ್ರೆ ನಿಮ್ಮಪ್ಪ ಬಂದು ತೊಟ್ಲು ತೂಗ್ತಾನಾ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಗಾಬರಿಯಲ್ಲಿ, ಜ್ವರ ಬರುವುದೇ ಇಲ್ಲ ಅಜ್ಜಿ ಎಂದುಬಿಟ್ಟೆ. ತಕ್ಷಣ ಸೀಟಿ ಊದಿದರು. ಫೌಲು. ಟವೆಲು ತೆಗೆದು ಮೇಷ್ಟ್ರಾಗಿ ಹೇಳಿದರು: "ಜ್ವರ ಬತ್ತದೆ ಅಂತ ನೀನೇ ಮೊದ್ಲು ಹೇಳ್ಬೇಕು. ಒಂದಿನ ಇರ್ತದೆ, ಒದ್ದೆ ಬಟ್ಟೆ ಹಾಕಿ, ಹಾಲು ಕುಡ್ಸಿ, ನಾಳೆ ನಾನೇ ಬಂದು ನೋಡ್ತೀನಿ ಅನ್ನು. ಮುಚ್ಚಿಟ್ಟು ಒಪ್ಸುದ್ರೆ ನಾಳೆ ನಿನ್ ಮಕಕ್ಕೆ ಬಾಗ್ಲು ಹಾಕ್ತಾರೆ, ಗ್ಯಾಪ್ಕ ಇರ್ಲಿ."

ನಾಳೆ ಬಂದು ನೋಡ್ತೀನಿ ಎಂದವರು ನಾಳೆ ಹೋಗಲೇಬೇಕು. ಅದು ಅವರ ಮೊದಲ ನಿಯಮ. ಕೊಟ್ಟ ಮಾತಿಗೆ ತಪ್ಪಿದವನನ್ನು ಟೀಮಿನಿಂದ ತೆಗೆಯುತ್ತೇನೆ ಎನ್ನುತ್ತಿದ್ದರು. ಹೊಸ್ತಿಲು ಎಂದರೆ ಕಬಡ್ಡಿ ಗೆರೆ, ಕರೆಯದೆ ದಾಟಬಾರದು. ನೀರು ಕೊಟ್ಟರೆ ಯಾರ ಮನೆಯಾದರೂ ಸರಿ, ಕುಡಿಯಬೇಕು. ಕುಡಿಯದವನು ಇನ್ನೊಂದು ಮನೆಗೆ ಹೋಗುವುದು ಬೇಡ. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ನೀರು ಕಲಸುವುದನ್ನು ನಮ್ಮಿಂದಲೇ ಮಾಡಿಸಿ, ನಮಗೇ ಕುಡಿಸಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಸುತ್ತಿದ್ದರು. ಕುಡಿಯುವ ನೀರಿನ ಕೊಡಕ್ಕೆ ಕೈ ಅದ್ದಬಾರದು ಎನ್ನುವುದನ್ನು ಹೆಂಗಸರಿಗೆ ಬುದ್ಧಿ ಹೇಳಿದ ಹಾಗೆ ಆಗದಂತೆ ಹೇಗೆ ಹೇಳುವುದು ಎಂದು ಒಂದು ವಾರ ಅಭ್ಯಾಸವಾಯಿತು. ಅವರು ದಿನಕ್ಕೊಂದು ವೇಷ ಹಾಕುತ್ತಿದ್ದರು. ಒಂದು ದಿನ ಕುಡಿದು ಬಂದ ಗಂಡ, ಒಂದು ದಿನ ದಡಾರವೆಂದರೆ ದೇವಿ, ಅಮ್ಮ ಬಂದಿರುವ ಮನೆಗೆ ಸೂಜಿ ತರಬೇಡಿ ಎನ್ನುವ ಮುದುಕಿ. ಆ ಮುದುಕಿಯ ಎದುರು ವಾದ ಮಾಡಿದವರಿಗೆಲ್ಲ ಫೌಲು. ಅಮ್ಮನಿಗೆ ಪೂಜೆ ಮಾಡಿ ಅಜ್ಜಿ, ಮಿಕ್ಕ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದ ನನ್ನ ಗೆಳತಿಗೆ ಮಾತ್ರ ಬೆನ್ನು ತಟ್ಟಿದರು.

ಬಯಲು ಕಳೆದುಕೊಂಡ ಮನುಷ್ಯನಿಗೆ ಮತ್ತೆ ಒಂದು ಟೀಮು ಸಿಕ್ಕಿತ್ತು. ಲೈಬ್ರರಿಯ ಗೊರಕೆ ನಿಂತಿತ್ತು.

ಮೊದಲ ದಿನ ಊರೊಳಗೆ ಹೊರಟಾಗ ನಮ್ಮ ಕೈಗೆ ಸೀಮೆಸುಣ್ಣ ಕೊಟ್ಟಿದ್ದರು. ಪೋಲಿಯೋ ಹನಿಯವರು ಮಾಡುವಂತೆಯೇ, ಹೋಗಿಬಂದ ಮನೆಯ ಬಾಗಿಲ ಪಕ್ಕ ಎಷ್ಟು ಮಕ್ಕಳಿದ್ದಾರೆ ಎಂದು ಬರೆಯಬೇಕು. ಕ್ಯಾಂಪಿನ ದಿನ ನರ್ಸಮ್ಮನಿಗೆ ಗೊತ್ತಾಗಲಿ ಎಂದು. ಮೇಲಿನ ಬೀದಿಯಲ್ಲಿ ನಾಲ್ಕೈದು ಮನೆಗೆ ಬರೆದೆವೋ ಇಲ್ಲವೋ, ನಮ್ಮ ದೊಡ್ಡಪ್ಪ ಟವೆಲು ಬೀಸಿಕೊಂಡು ಬಂದ. ಅದರ ಹಿಂದಿನ ವರ್ಷ ಅವನ ಕೊಟ್ಟಿಗೆಗೆ ನಂಬರು ಬಿದ್ದು, ಆರು ತಿಂಗಳಲ್ಲಿ ಹೊಲ ಹೋಗಿತ್ತು.

"ಯಾವನ್ಲಾ ಅವ್ನು ನಮ್ಮನೆ ಗ್ವಾಡೆಗೆ ನಂಬರ್ ಆಕ್ದೋನು? ಜಮೀನ್ ತಿಂದಿದ್ದು ಸಾಲ್ದೂಂತ ಈಗ ಮನೆಗೂ ಬಂದ್ಬುಟ್ರಾ?"

ನಾನು ಹೇಳಹೋದೆ. ಅವನು ಕೇಳಲಿಲ್ಲ. ನನ್ನ ಸ್ವಂತ ದೊಡ್ಡಪ್ಪ, ನಾನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವನು, ನಾನು ಬರೆದ ಅಂಕಿಯನ್ನು ಟವೆಲಿನಿಂದ ಉಜ್ಜಿ ಉಜ್ಜಿ ಅಳಿಸಿದ. ಅಷ್ಟರಲ್ಲಿ ಬೀದಿಯೆಲ್ಲ ಹೊರಗೆ ಬಂದಿತ್ತು. ಹೆಂಗಸರು ಸಗಣಿನೀರು ತಂದು ಗೋಡೆಗೆ ಎರಚಿದರು. ನಾವು ಸ್ಕೂಲಿಗೆ ಓಡಿದೆವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗೋಡೆಯ ಮೇಲಿನ ಅಂಕಿಯನ್ನು ಕಂಡು ಹೆದರುವ ಹಾಗೆ ಆ ಜನರನ್ನು ಮಾಡಿಟ್ಟವರ ಮೇಲಿದೆ.

ಸಂಜೆ ಮೇಷ್ಟ್ರು ಒಬ್ಬರೇ ನಮ್ಮ ಮನೆಗೆ ಬಂದರು. ಯುಗಾದಿ ಹತ್ತಿರವಿತ್ತು, ಅವ್ವ ಗೋಡೆಗೆ ಸುಣ್ಣ ಬಳಿದು, ಕೆಳಗಿನ ಅಂಚಿಗೆ ಕೆಮ್ಮಣ್ಣು ಸಾರಿಸುತ್ತಿದ್ದಳು. ಈಗಿನ ಮದುವೆ ಗಂಡು, ನಮ್ಮ ಕೊನೆಯ ತಮ್ಮ, ಆಗಿನ್ನೂ ತೊದಲು ಮಾತಿನವನು, ಕೆಮ್ಮಣ್ಣಿನ ಬೋಸಿಯ ಪಕ್ಕ ಮೈಯೆಲ್ಲ ಬಳಿದುಕೊಂಡು ಕೂತಿದ್ದ. ಮೇಷ್ಟ್ರು ಹೊಸ್ತಿಲ ಹೊರಗೇ ನಿಂತು, ಏನು ಮಾಡುವುದು ಹೇಳಿ ತಾಯಿ ಎಂದರು. ಅವ್ವ ಕೈ ನಿಲ್ಲಿಸದೆ ಹೇಳಿದಳು:

"ನಮ್ ಬಾಗ್ಲಿಗೆ ನೀವ್ಯಾಕೆ ಬರೀತೀರಿ ಮೇಷ್ಟ್ರೇ? ನಮ್ಮನೆ ಮಕ್ಳು, ನಮ್ ಗ್ವಾಡೆ. ಬೇಕಾದ್ರೆ ನಾವೇ ಇಟ್ಕತೀವಿ."

ಹಾಗೆಂದವಳೇ ಉಂಗುರದ ಬೆರಳನ್ನು ಕೆಮ್ಮಣ್ಣಿಗೆ ಅದ್ದಿ, ಹಣೆಗೆ ಕುಂಕುಮ ಇಡುವ ಹಾಗೆ ಬಾಗಿಲ ಪಕ್ಕದ ಸುಣ್ಣದ ಮೇಲೆ ಒಂದು ಬೊಟ್ಟು ಇಟ್ಟಳು. ಒಂದು ಮಗುವಿಗೆ ಒಂದು ಬೊಟ್ಟು. ಮೇಷ್ಟ್ರು ಅದನ್ನು ನೋಡಿ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಖುಷಿಯಾದಾಗ ಅವರು ಹಾಗೇ ಮಾಡುತ್ತಿದ್ದರು.

ಮಾರನೆಯ ದಿನದಿಂದ ನಾವು ಸೀಮೆಸುಣ್ಣ ಮುಟ್ಟಲಿಲ್ಲ. ಕ್ಯಾಂಪಿನ ದಿನ ಮಗುವನ್ನು ಕರೆತರುತ್ತೇನೆ ಎಂದು ಒಪ್ಪಿದ ತಾಯಿ, ತನ್ನ ಕೈಯಿಂದ, ತನ್ನ ಗೋಡೆಗೆ, ಮಗುವಿಗೊಂದು ಬೊಟ್ಟು ಇಡಬೇಕು. ಇಟ್ಟರೆ ಮಾತು ಕೊಟ್ಟ ಹಾಗೆ. ಯುಗಾದಿಯ ಕಾಲವಾದ್ದರಿಂದ ಎಲ್ಲರ ಮನೆಯಲ್ಲೂ ಕೆಮ್ಮಣ್ಣು ಇತ್ತು. ಸಗಣಿನೀರು ಎರಚಿದ ಹೆಂಗಸರೇ ನಮ್ಮನ್ನು ಕರೆದು, ನೀರು ಕೊಟ್ಟು, ಸೂಜಿಯ ವಿಷಯ ಕೇಳಿ ಬೊಟ್ಟಿಟ್ಟರು. ದೊಡ್ಡಪ್ಪನ ಸೊಸೆ ಎರಡು ಬೊಟ್ಟು ಇಟ್ಟಳು. ದೊಡ್ಡಪ್ಪ ನೋಡಿಯೂ ನೋಡದವನಂತೆ ಬೀಡಿ ಸೇದುತ್ತಾ ಕೂತಿದ್ದ.

ಊರಿನ ಮನೆಗಳು ಮುಗಿದವು ಎಂದು ನಾವು ಬೀಗುತ್ತಿದ್ದಾಗ ಮೇಷ್ಟ್ರು ಬೇಲಿಯಾಚೆ ಕೈ ತೋರಿಸಿದರು. ಅಲ್ಲಿ ತಗಡಿನ ಶೆಡ್ಡುಗಳಿದ್ದವು. ಫ್ಯಾಕ್ಟರಿಯ ಕಾಂಪೌಂಡು ಕಟ್ಟಲು ರಾಯಚೂರು ಕಡೆಯಿಂದ ಬಂದ ಕೂಲಿಯವರು ಅಲ್ಲಿದ್ದರು. ಊರಿನವರು ಅವರನ್ನು ಶೆಡ್ಡಿನೋರು ಎನ್ನುತ್ತಿದ್ದರೇ ಹೊರತು ಒಬ್ಬರ ಹೆಸರೂ ನಮಗೆ ಗೊತ್ತಿರಲಿಲ್ಲ. ಅವರು ನಮ್ಮೂರಿನವರಲ್ಲವಲ್ಲ ಸಾ ಎಂದು ಯಾರೋ ಅಂದರು. ಮೇಷ್ಟ್ರು ಸೀಟಿ ಊದಿ ಫೌಲು ಕೊಟ್ಟರು. ದಡಾರಕ್ಕೆ ಊರು ಗೊತ್ತಾಗುತ್ತದೇನೋ ಎಂದು ಅವನ ಕಿವಿಯನ್ನೂ ಹಿಂಡಿದರು.

ಶೆಡ್ಡುಗಳಲ್ಲಿ ಬಾಗಿಲಿರಲಿಲ್ಲ; ಗೋಣಿ ಪರದೆ. ಮೊದಲ ಶೆಡ್ಡಿನಲ್ಲಿದ್ದ ಹೆಂಗಸು ನನಗಿಂತ ಬಹಳ ದೊಡ್ಡವಳೇನಲ್ಲ. ಕಂಕುಳಲ್ಲಿ ಒಂದು ಹೆಣ್ಣುಕೂಸು, ಹೆಚ್ಚುಕಡಿಮೆ ನನ್ನ ತಮ್ಮನ ವಯಸ್ಸಿನದು, ಕಾಲಿಗೆ ಕರಿದಾರ. ನಾನು ಕಲಿತದ್ದನ್ನೆಲ್ಲ ಹೇಳಿದೆ, ಜ್ವರ ಬರುವುದನ್ನೂ ಹೇಳಿದೆ. ಅವಳು ಕೇಳಿಕೊಂಡು, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಎಂದಷ್ಟೇ ವಿಚಾರಿಸಿದಳು. ಆ ದಿನ ಕೂಲಿ ಬಿಡಬೇಕಾಗುತ್ತದೆ, ಅದಕ್ಕೆ. ನಾವು ಒಯ್ದಿದ್ದ ಕೆಮ್ಮಣ್ಣು ತಗಡಿಗೆ ಹಿಡಿಯಲಿಲ್ಲ, ಒಣಗಿದ್ದೇ ಉದುರಿಹೋಯಿತು. ಅವಳು ಒಳಗೆ ಹೋಗಿ ತಲೆಗೆ ಹಚ್ಚುವ ಎಣ್ಣೆ ತಂದು, ಎರಡು ಹನಿ ಸೇರಿಸಿ ಕಲಸಿ ಮತ್ತೆ ಇಟ್ಟಳು. ಆಗ ನಿಂತಿತು. ಅವಳನ್ನು ನೋಡಿ ಮಿಕ್ಕ ಶೆಡ್ಡಿನವರೂ ಎಣ್ಣೆ ಕಲಸಿಯೇ ಇಟ್ಟರು. ಸಂಜೆಯ ಬಿಸಿಲಿಗೆ ಆ ತಗಡುಗಳ ಮೇಲೆ ಬೊಟ್ಟುಗಳು ಹೊಳೆಯುತ್ತಿದ್ದವು, ನಮಗೆ ಹೆಮ್ಮೆಯೋ ಹೆಮ್ಮೆ...

ಆ ಬೊಟ್ಟುಗಳು ಇನ್ನೊಬ್ಬನ ಕಣ್ಣಿಗೂ ಬಿದ್ದವು. ನಮ್ಮ ಕಡೆ ಆಗ ಜಮೀನು ಕೊಡಿಸುವ ಬ್ರೋಕರುಗಳು ಓಡಾಡುತ್ತಿದ್ದರು. ಅವರಲ್ಲಿ ಒಬ್ಬ ಬೈಕಿನಲ್ಲಿ ಬಂದವನು ಬೀದಿ ಉದ್ದಕ್ಕೂ ಮನೆಮನೆಗೂ ಕೆಂಪು ಗುರುತು ನೋಡಿದ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಊರಿನವರು, ಕೂಲಿಯವರು ಎಲ್ಲ ಒಂದಾಗಿದ್ದಾರೆ, ಜಮೀನು ಬಿಡುವುದಿಲ್ಲವೆಂದು ಕೆಂಪು ಗುರುತು ಹಾಕಿಕೊಂಡಿದ್ದಾರೆ, ಸ್ಕೂಲಿನ ಮೇಷ್ಟ್ರೊಬ್ಬ ಮಕ್ಕಳನ್ನು ಕಟ್ಟಿಕೊಂಡು ಚಳವಳಿ ಮಾಡಿಸುತ್ತಿದ್ದಾನೆ ಎಂದು ಹೋಗಿ ಊದಿದ. ಎಲ್ಲಿ ಊದಿದನೋ, ಯಾರ ಕಿವಿಗೆ ಬಿತ್ತೋ, ಕ್ಯಾಂಪಿಗೆ ಎರಡು ದಿನವಿರುವಾಗ ಸ್ಕೂಲಿಗೆ ಜೀಪು ಬಂತು.

ಇಬ್ಬರು ಸಾಹೇಬರು. ಯಾವ ಇಲಾಖೆಯೋ ನಮಗೆ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನ ಕಿಟಕಿಯ ಹೊರಗೆ ನೀರಿನ ತೊಟ್ಟಿಯ ಹತ್ತಿರ ನಾವು ತಟ್ಟೆ ತೊಳೆಯುವವರಂತೆ ನಿಂತು ಕೇಳಿಸಿಕೊಂಡೆವು. ಮೇಷ್ಟ್ರು ಎಲ್ಲವನ್ನೂ ಬಿಡಿಸಿ ಹೇಳಿದರು. ಸೀಮೆಸುಣ್ಣದ ಗಲಾಟೆ, ನಮ್ಮವ್ವನ ಮಾತು, ಮಗುವಿಗೊಂದು ಬೊಟ್ಟು. ಹೆಡ್‌ಮಾಸ್ಟರು ಪಕ್ಕದಲ್ಲೇ ಕೂತಿದ್ದರು, ಎಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಎಲ್ಲ ಕೇಳಿದ ಮೇಲೆ ದೊಡ್ಡ ಸಾಹೇಬರು ಕೇಳಿದ್ದು ಇದು:

"ಅದೆಲ್ಲ ಸರಿ ಕಣ್ರೀ. ಬೊಟ್ಟು ಯಾಕೆ ಕೆಂಪಗಿದೆ?"

"ಕೆಮ್ಮಣ್ಣು ಕೆಂಪಗೇ ಇರೋದು ಸಾರ್," ಎಂದರು ಮೇಷ್ಟ್ರು.

ನಾವು ಹೊರಗೆ ಬಾಯಿ ಮುಚ್ಚಿಕೊಂಡು ನಕ್ಕೆವು. ನಗುವ ಮಾತೆಂದೇ ತಿಳಿದೆವು. ಒಳಗೆ ಅದನ್ನು ಉದ್ಧಟತನ ಎಂದು ಬರೆದುಕೊಂಡರು. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಕುದೂರು ಕಡೆಯ ಒಂದು ಸ್ಕೂಲಿಗೆ ಕೂಡಲೇ ಹೋಗಿ ಹಾಜರಾಗಬೇಕೆಂದು ಆರ್ಡರಾಗಿತ್ತು. ಮಾಗಡಿ ದಾಟಿ ಹೋಗಬೇಕಾದ ಊರು, ಇಲ್ಲಿಂದ ಅಲ್ಲಿಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಅರ್ಧ ದಿನ. ಒಂದು ಬೊಟ್ಟಿನ ಅರ್ಥ ಕೇಳುವ ವ್ಯವಧಾನವಿಲ್ಲದ ಸರ್ಕಾರಕ್ಕೆ ಒಬ್ಬ ಮನುಷ್ಯನನ್ನು ಎತ್ತಿ ಒಗೆಯಲು ಒಂದು ರಾತ್ರಿಯೂ ಬೇಕಾಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿರಲಿಲ್ಲವೋ ಏನೋ. ಗಲಾಟೆಯ ಊರು ಎಂದು ಹೇಳಿ ಕ್ಯಾಂಪನ್ನೂ ರದ್ದು ಮಾಡಿದರು. ಮಾಡಿದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ. ಹೆಡ್‌ಮಾಸ್ಟರಿಗೆ ಗೊತ್ತಿತ್ತಂತೆ. ಮಕ್ಕಳಿಗೆ ಹೇಳಿದರೆ ಮತ್ತೆ ಮನೆಮನೆ ತಿರುಗುತ್ತಾರೆ ಎಂದು ಸುಮ್ಮನಿದ್ದರಂತೆ.

ಕ್ಯಾಂಪಿನ ದಿನ ತಾಯಂದಿರೆಲ್ಲ ಬಂದರು. ಅವ್ವ ತಮ್ಮನಿಗೆ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ ಎತ್ತಿಕೊಂಡು ಬಂದಳು. ಶೆಡ್ಡಿನವರು ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಪಕ್ಕ ಪೈಪುಗಳ ನೆರಳಲ್ಲಿ ಸಾಲಾಗಿ ಕೂತಿದ್ದರು. ನಾವು ಅವರನ್ನು ಎಣಿಸಿ, ಬೊಟ್ಟಿಟ್ಟವರು ಒಬ್ಬರೂ ತಪ್ಪಿಲ್ಲ ಎಂದು ಕುಣಿದೆವು. ನರ್ಸಮ್ಮ ಬರಲಿಲ್ಲ. ಬಸ್ಸು ತಡವಾಗಿರಬೇಕು ಎಂದೆವು. ಬಿಸಿಲು ಏರಿತು. ಮಕ್ಕಳು ಅತ್ತರು, ಮಲಗಿದರು, ಮತ್ತೆ ಎದ್ದು ಅತ್ತರು. ಮಧ್ಯಾಹ್ನದ ಗಂಟೆ ಹೊಡೆದಾಗ ಊರಿನ ಹೆಂಗಸರು ಗೊಣಗುತ್ತಾ ಎದ್ದರು. ಕರಿದಾರದ ಕೂಸಿನ ತಾಯಿ ಮಾತ್ರ ನನ್ನ ಮುಖ ನೋಡುತ್ತಾ ಸಂಜೆಯವರೆಗೂ ಕೂತಿದ್ದಳು. ಆ ದಿನದ ಕೂಲಿ ಅವಳಿಗೆ ಸಿಗಲಿಲ್ಲ.

ನಮ್ಮೂರಿನವರಿಗೆ ಹೇಗೋ ಆಯಿತು. ಯಾರೋ ವಿಚಾರಿಸಿಕೊಂಡು ಬಂದರು, ಅಪ್ಪ ಮುಂದಿನ ವಾರ ತಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕನಕಪುರದಲ್ಲಿ ಸೂಜಿ ಹಾಕಿಸಿಕೊಂಡು ಬಂದ. ದೊಡ್ಡಪ್ಪನೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋದ. ಶೆಡ್ಡಿನವರಿಗೆ ಇನ್ನೊಂದು ದಿನದ ರಜೆಯನ್ನು ಮೇಸ್ತ್ರಿ ಕೊಡಲಿಲ್ಲ. ನಾನು ಮತ್ತು ನನ್ನ ಗೆಳತಿ ಹೆಡ್‌ಮಾಸ್ಟರ ಮುಂದೆ ನಿಂತು, ಶೆಡ್ಡಿನ ಮಕ್ಕಳಿಗೆ ಇಲ್ಲಿಗೇ ನರ್ಸಮ್ಮನನ್ನು ಕರೆಸಿ ಸಾರ್ ಎಂದು ಕೇಳಿದೆವು. ಪರೀಕ್ಷೆಗೆ ಓದಿಕೊಳ್ಳಿ ಹೋಗಿ ಎಂದರು. ಪಂಚಾಯಿತಿಯಲ್ಲಿ ಕೇಳಿದರೆ ಅವರು ಕಂಟ್ರಾಕ್ಟರ ಕಡೆಯವರು, ನಮಗೆ ಸೇರುವುದಿಲ್ಲ ಎಂದರು. ಫ್ಯಾಕ್ಟರಿ ಗೇಟಿನ ವಾಚ್‌ಮನ್ ನಮ್ಮನ್ನು ಒಳಗೇ ಬಿಡಲಿಲ್ಲ. ಊರಿಗೂ ಸೇರದ, ಫ್ಯಾಕ್ಟರಿಗೂ ಸೇರದ ಮಕ್ಕಳು ಹಾಗಾದರೆ ಯಾರಿಗೆ ಸೇರುತ್ತವೆ? ನಾನು ಆಗ ಕೇಳಿದ್ದ ಪ್ರಶ್ನೆ ಇದು. ಯಾರಾದರೂ ಉತ್ತರ ಕೊಟ್ಟಿದ್ದರೆ ನನಗೆ ಹೇಳಿ.

ದಡಾರ ಬೇಸಿಗೆಯಲ್ಲಿ ಬಂತು. ಊರೊಳಗೆ ಒಂದಿಬ್ಬರಿಗೆ ಬಂದು ಹೋಯಿತು. ಶೆಡ್ಡುಗಳಲ್ಲಿ ಒಂದರಿಂದ ಒಂದಕ್ಕೆ ಹಬ್ಬಿತು. ಕಾದ ತಗಡಿನ ಕೆಳಗೆ ಜ್ವರದ ಮಕ್ಕಳು. ಕರಿದಾರದ ಕೂಸಿಗೆ ದಡಾರ ಇಳಿಯುತ್ತಿದ್ದ ಹಾಗೆ ಉಸಿರಾಟ ಕಟ್ಟಿಕೊಂಡಿತು. ಗಾಡಿ ಗೊತ್ತುಮಾಡಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋಯಿತು. ಹೂಳಲೂ ಅವರಿಗೆ ಜಾಗ ಸಿಗಲಿಲ್ಲ. ನಮ್ಮೂರಿನ ಸ್ಮಶಾನಕ್ಕೆ ಬೇಡ ಎಂದವರು ನಮ್ಮೂರಿನವರೇ. ಮಿಕ್ಕ ಕಡೆಯೆಲ್ಲ ಬೇಲಿ. ಕೊನೆಗೆ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ನಮ್ಮ ಜನರನ್ನು ನಾನು ಎಷ್ಟೇ ವಹಿಸಿಕೊಂಡರೂ ಆ ಒಂದು ದಿನಕ್ಕೆ ನನ್ನಿಂದ ಆಗುವುದಿಲ್ಲ.

ನಾನೇ ಕಾರ್ಡು ಬರೆದು ಮೇಷ್ಟ್ರಿಗೆ ತಿಳಿಸಿದೆ. ಮುಂದಿನ ಭಾನುವಾರ ಅವರು ಬಂದರು. ಅದೇ ಬಿಳಿ ಬೂಟು, ಅದೇ ಇನ್‌ಶರ್ಟು. ಸೀಟಿ ಇರಲಿಲ್ಲ. ನನ್ನನ್ನೂ ನನ್ನ ಗೆಳತಿಯನ್ನೂ ಕರೆದುಕೊಂಡು ಶೆಡ್ಡಿನ ಹತ್ತಿರ ಹೋದರು. ತಗಡಿನ ಮೇಲೆ ಎಣ್ಣೆಯ ಬೊಟ್ಟು ಹಾಗೇ ಇತ್ತು. ಅವಳು ಒಲೆಯ ಮುಂದೆ ಕೂತಿದ್ದಳು. ಮೇಷ್ಟ್ರು ಗೋಣಿ ಪರದೆಯ ಹೊರಗೆ ನಿಂತರು. ದಿನಕ್ಕೊಂದು ವೇಷ ಹಾಕಿ, ಯಾವ ಬಾಗಿಲಲ್ಲಿ ಯಾವ ಮಾತು ಆಡಬೇಕೆಂದು ನಮಗೆಲ್ಲ ಕಲಿಸಿದ್ದ ಮನುಷ್ಯನಿಗೆ ಒಂದು ಮಾತೂ ಹೊರಡಲಿಲ್ಲ. ಅವಳೇ ಎದ್ದು ಬಂದು ಚೊಂಬಿನಲ್ಲಿ ನೀರು ಕೊಟ್ಟಳು. ಅವರು ಕುಡಿದರು. ಆಮೇಲೆ ಅವಳು ಅಂದಳು:

"ನಾವು ಬಂದಿದ್ವಿರಿ ಸರ. ನೀವ ಬರ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಅವಳ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡಿದ್ದೇನೆ. ನನ್ನನ್ನು ವರ್ಗ ಮಾಡಿದರು, ಕ್ಯಾಂಪು ರದ್ದು ಮಾಡಿದವನು ನಾನಲ್ಲ ಎಂದು ಮೇಷ್ಟ್ರು ಹೇಳಬಹುದಿತ್ತು. ಎಲ್ಲವೂ ನಿಜವೇ. ಅವರು ಹೇಳಲಿಲ್ಲ. "ಹೂನಮ್ಮ, ನಾವು ಬರ್ಲಿಲ್ಲ," ಎಂದರು. ಬಸ್ ಸ್ಟಾಪಿನವರೆಗೂ ನಾವು ಅವರ ಜೊತೆ ನಡೆದು ಹೋದೆವು. ಬಸ್ಸು ಹತ್ತುವಾಗ ಜೇಬಿಗೆ ಕೈ ಹಾಕಿ ಬಾಚಣಿಗೆ ತೆಗೆದು, ಏನು ಅನ್ನಿಸಿತೋ, ಹಾಗೇ ಒಳಗೆ ಇಟ್ಟುಕೊಂಡರು... ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮುಂದಿನದನ್ನು ನಾನು ತಿಳಿದದ್ದು ತೀರ ಈಚೆಗೆ. ಕನಕಪುರದಲ್ಲಿ ನನ್ನ ಮಗಳಿಗೆ ಸೂಜಿ ಹಾಕಿಸಲು ಹೋದಾಗ ಅಲ್ಲಿಯ ನರ್ಸು, ಜ್ವರ ಬರುತ್ತದೆ, ಒಂದು ದಿನ ಇರುತ್ತದೆ, ನಾಳೆ ನಾನೇ ಫೋನು ಮಾಡಿ ಕೇಳುತ್ತೇನೆ ಎಂದಳು. ಆ ಮಾತಿನ ಧಾಟಿ ಕೇಳಿ ನಾನು, ನೀವು ಯಾವ ಸ್ಕೂಲು ಎಂದು ಕೇಳಿದೆ. ಕುದೂರು ಕಡೆಯವಳು. ಅದೇ ಮೇಷ್ಟ್ರ ಟೀಮಿನವಳು. ಅಲ್ಲಿಯೂ ಅವರು ಟವೆಲು ಹೊದ್ದು ಅತ್ತೆಯಾಗುತ್ತಿದ್ದರಂತೆ, ಅಲ್ಲಿಯೂ ಫೌಲು ಊದುತ್ತಿದ್ದರಂತೆ. ರಿಟೈರಾಗುವವರೆಗೂ ಮಕ್ಕಳನ್ನು ಕಟ್ಟಿಕೊಂಡು ಮನೆಮನೆ ಸುತ್ತಿದರಂತೆ. ಮತ್ತೆ ವರ್ಗ ಮಾಡಿದರೆ ಮಾಡಲಿ ಎಂದು ಕೆಮ್ಮಣ್ಣನ್ನೂ ಬಿಡಲಿಲ್ಲವಂತೆ.

"ನಿಮ್ಮೂರ್ನಾಗೂ ಎರಡೆರಡು ಬೊಟ್ಟು ಇಡುಸ್ತಿದ್ರಾ ಅಕ್ಕ?" ಎಂದು ಅವಳು ಕೇಳಿದಳು.

ಎರಡು ಯಾಕೆ ಎಂದೆ.

"ಮಗೀನ ತಾಯಿದು ಒಂದು. ಅದರ ಪಕ್ಕ ನಮ್ದೊಂದು. ಅವ್ರು ಬತ್ತೀವಿ ಅಂತ ಇಡೋದು, ನಾವೂ ಬತ್ತೀವಿ ಅಂತ ಇಡೋದು. ಒಂದೇ ಬೊಟ್ಟಿದ್ರೆ ಅದು ಮಾತಾಗಕಿಲ್ಲ ಅನ್ನೋರು ಸಾ."

ಅವರು ಈಗ ಎಲ್ಲಿದ್ದಾರೆ ಎಂದು ಕೇಳುವ ಮೊದಲೇ ಅವಳ ಮುಖ ನೋಡಿ ಗೊತ್ತಾಯಿತು. ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಬಗ್ಗೆ ಒಂದು ಸಾಲೂ ಎಲ್ಲಿಯೂ ಅಚ್ಚಾಗಲಿಲ್ಲ. ಅವರಿಗೆ ವರ್ಗದ ಆರ್ಡರು ಕೊಟ್ಟ ಸಾಹೇಬರು ರಿಟೈರಾದಾಗ ದೊಡ್ಡ ಸನ್ಮಾನವಾಯಿತೆಂದು ಮಾತ್ರ ಯಾರೋ ಹೇಳಿದ್ದು ನೆನಪಿದೆ.

ಶೆಡ್ಡುಗಳಿದ್ದ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಕಾಂಪೌಂಡು ಮುಗಿದ ಮೇಲೆ ಕೂಲಿಯವರು ಎಲ್ಲಿಗೆ ಹೋದರೋ, ಬೊಟ್ಟುಗಳಿದ್ದ ತಗಡುಗಳನ್ನೆಲ್ಲ ಗುಜರಿಗೆ ಹಾಕಿದರು. ಆ ಕೂಸು ಇದ್ದಿದ್ದರೆ ಅದಕ್ಕೂ ಈಗ ಮದುವೆಯ ವಯಸ್ಸು.

ಬಣ್ಣದವನು ಕೆರೆಯುವ ಪಟ್ಟಿ ಹಿಡಿದುಕೊಂಡು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. ಒಳಗೆ ತಮ್ಮ ಮದುವೆಯ ಶರ್ಟು ಹಾಕಿಕೊಂಡು ತೋಳು ಉದ್ದವಾಯಿತೆಂದು ಯಾರಿಗೋ ಫೋನಿನಲ್ಲಿ ದೂರುತ್ತಿದ್ದ. ನಾನು ಅವರೆಕಾಯಿ ಮೊರ ಕೆಳಗಿಟ್ಟು ಗೋಡೆಯ ಹತ್ತಿರ ಹೋಗಿ ನಿಂತೆ. ಅವ್ವನ ಬೆರಳಿನ ಗೆರೆಗಳು ಕೂಡ ಕಾಣುತ್ತಿದ್ದವು. ಅದರ ಪಕ್ಕ ಬರಿಯ ಸುಣ್ಣ. ಅಲ್ಲಿ ಬೆರಳು ಒತ್ತಬೇಕಾಗಿದ್ದ ಸಾಹೇಬರು ಜೀಪು ಹತ್ತಿ ಹೋದವರು ಮತ್ತೆ ಈ ಕಡೆ ಬಂದಿಲ್ಲ.

"ಉಜ್ಬೇಡಪ್ಪ," ಎಂದೆ. "ಅಷ್ಟು ಜಾಗ ಬಿಟ್ಟು ಮಿಕ್ಕಿದ್ದಕ್ಕೆ ಹೊಡ್ಕೊಂಡು ಹೋಗು."

"ಒಂದು ಬೊಟ್ಟಿಗೆ ಅಷ್ಟ್ ಜಾಗ ಯಾಕಕ್ಕ?" ಎಂದ ಅವನು.

"ಇನ್ನೊಂದು ಬರೋದಿತ್ತು," ಎಂದೆ.